ಪೆರ್ಲದಿಂದ ಮಡಕಶಿರಾಕ್ಕೆ: ಸೈಕಲ್ಲಲ್ಲಿ ಹೋಗಿ, ತೋಟದಲ್ಲಿ ದುಡಿದು

ಡಿಸೆಂಬರ್ ಎರಡನೇ ವಾರ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯಿಂದ ಸೈಕಲ್ ಹತ್ತಿದೆ. ಮಾರ್ಚ್ ಕೊನೆಗೆ ಹಿಂದೂಪುರದಲ್ಲಿ ಅದೇ ಸೈಕಲ್ಲನ್ನು ರೈಲಿಗೆ ಹಾಕಿದೆ. ನಡುವೆ ಮೂರು ಕಡೆ ನಿಂತು ಕೆಲಸ ಮಾಡಿದೆ. ಬಾಯಾರಿನಲ್ಲಿ ಅಡಿಕೆ ತೋಟ, ತಮಿಳುನಾಡಿನ ತಾಳವಾಡಿಯಲ್ಲಿ ಅರಿಶಿನದ ಹೊಲ, ಆಂಧ್ರದ ಮಡಕಶಿರಾ ಹತ್ತಿರ ರೇಷ್ಮೆ ಮನೆ. ಪೆಡಲ್ ತುಳಿದ ದಿನಗಳು ಇಪ್ಪತ್ತು ಇರಬಹುದು, ಉಳಿದದ್ದೆಲ್ಲ ನಿಂತ ದಿನಗಳೇ. ದಿನಕ್ಕೆ ಎಷ್ಟು ಕಿಲೋಮೀಟರ್ ಹೋದೆ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಹೋದೆ, ಅಲ್ಲಿ ಆಗ ಏನು ಕೆಲಸ ಇತ್ತು ಅಂತ ಯಾರೂ ಕೇಳುವುದಿಲ್ಲ. ನನಗೆ ಮುಖ್ಯ ಅನಿಸಿದ್ದು ಅದೇ, ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಇದಕ್ಕೂ ಎರಡು ವರ್ಷ ಮೊದಲು ಒಂದು ಸಲ ಹೀಗೇ ಹೊರಟಿದ್ದೆ. ಆಗ ಮ್ಯಾಪ್ ನೋಡಿ ದಾರಿ ಹಾಕಿದ್ದೆ. ಹೋದ ಕಡೆಯೆಲ್ಲ ಕೊಯ್ಲು ಮುಗಿದಿತ್ತು, ಇಲ್ಲವೇ ಇನ್ನೂ ಶುರುವಾಗಿರಲಿಲ್ಲ. ಮನೆಯವರು ಪ್ರೀತಿಯಿಂದ ಊಟ ಹಾಕಿದರು, ಕೆಲಸ ಕೇಳಿದರೆ "ಸುಮ್ನೆ ಕೂತ್ಕೊಳ್ಳಿ" ಅಂದರು. ಎರಡು ದಿನ ಕೂತು ಮೂರನೇ ದಿನ ಹೊರಡಬೇಕಾಯಿತು, ನೆಂಟನ ಹಾಗೆ. ಈ ಸಲ ಮೊದಲು ಬೆಳೆಯ ಲೆಕ್ಕ ಹಾಕಿದೆ. ನಮ್ಮ ಕಡೆ ಅಡಿಕೆಯ ಮೊದಲ ಕೊಯ್ಲು ಡಿಸೆಂಬರ್ ಹೊತ್ತಿಗೆ. ತಾಳವಾಡಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಅರಿಶಿನ ಕೀಳುತ್ತಾರೆ. ರೇಷ್ಮೆ ವರ್ಷಕ್ಕೆ ಹಲವು ಬೆಳೆ, ಆದರೆ ಚಾಕಿ ಹುಳ, ಅಂದರೆ ಬೇರೆ ಕಡೆ ಸಾಕಿ ಕೊಡುವ ಎಳೆ ಹುಳ, ಮನೆಗೆ ಬರುವ ದಿನಕ್ಕೆ ಸರಿಯಾಗಿ ಹೋಗಿ ಸೇರಬೇಕು. ಈ ಮೂರನ್ನೂ ಕಾಗದದ ಮೇಲೆ ಬರೆದುಕೊಂಡು ಆಮೇಲೆ ನಡುವಿನ ರಸ್ತೆ ಹುಡುಕಿದೆ.

ಕೆಲಸದ ಕರಾರಿಗೆ ವೂಫ್‌ನ ನಿಯಮ ತಗೊಂಡೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಪದ್ಧತಿ ಅದು, ಈಗ ಭಾರತದಲ್ಲೂ ಇದೆ. ಸಾವಯವ ತೋಟದಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ದುಡಿಯುವುದು, ಅವರು ಊಟ ಮತ್ತು ಮಲಗಲು ಜಾಗ ಕೊಡುವುದು, ದುಡ್ಡಿನ ಮಾತೇ ಇಲ್ಲ. ನಾನು ಅವರ ಮೂಲಕ ಹೋಗಲಿಲ್ಲ. ಪರಿಚಯದವರ ಪರಿಚಯದವರನ್ನು ಹಿಡಿದು ಫೋನ್ ಮಾಡಿದೆ. ಎಷ್ಟು ದಿನ ಇರುತ್ತೇನೆ, ದಿನಕ್ಕೆ ಎಷ್ಟು ಗಂಟೆ ಮಾಡುತ್ತೇನೆ, ಯಾವ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ, ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಿದೆ. ನಾನು ಅಡಿಕೆ ಮರ ಹತ್ತುವುದಿಲ್ಲ. ಅದನ್ನು ಹೇಳಲು ನಾಚಿಕೊಳ್ಳಬಾರದು, ಅಲ್ಲಿ ಹೋಗಿ ನಿಂತ ಮೇಲೆ ಹೇಳಿದರೆ ಅವರಿಗೆ ಕಷ್ಟ.

ಬಾಯಾರು ನಮ್ಮ ಮನೆಯಿಂದ ದೂರವೇನಿಲ್ಲ. ಬೇಕೆಂದೇ ಅಲ್ಲಿಂದ ಶುರು ಮಾಡಿದೆ. ಚೀಲ ಸರಿಯಿಲ್ಲದಿದ್ದರೆ, ಸೀಟು ನೋವು ಕೊಟ್ಟರೆ ಮನೆಗೆ ಬಂದು ಸರಿಮಾಡಿಕೊಳ್ಳಬಹುದಲ್ವಾ. ಮೂರು ವಾರ ಇದ್ದೆ. ಬೆಳಿಗ್ಗೆ ಬಿದ್ದ ಅಡಿಕೆ ಹೆಕ್ಕುವುದು, ಗೊನೆ ಹೊತ್ತು ಅಂಗಳಕ್ಕೆ ತರುವುದು, ಬಿಸಿಲಿಗೆ ಹರಡಿ ಆಗಾಗ ಕೈಯಾಡಿಸುವುದು. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಆಗಲು 40–45 ದಿನದ ಬಿಸಿಲು ಬೇಕು, ನಾನು ಹರಡಿದ ಅಡಿಕೆ ಸುಲಿಯುವ ಹೊತ್ತಿಗೆ ನಾನು ತಾಳವಾಡಿಯಲ್ಲಿದ್ದೆ.

ಆ ಮನೆಗೆ ನೀರು ಸುರಂಗದ್ದು. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯವರಿಗೆ ಇದು ಹೊಸದಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ದಾರಿ, ಒಬ್ಬ ಮನುಷ್ಯ ಭುಜ ತಾಗಿಸಿಕೊಂಡು ಹೋಗುವಷ್ಟೇ ಅಗಲ. ಒಳಗೆ ಕಲ್ಲಿನಿಂದ ಜಿನುಗುವ ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಮೋಟಾರ್ ಇಲ್ಲ, ಕರೆಂಟ್ ಬೇಡ. ಮಳೆಗಾಲದಲ್ಲಿ ಒಳಗೆ ಬಿದ್ದ ಮಣ್ಣು ತೆಗೆಯಲು ಎರಡು ದಿನ ನಾನೂ ಹೋದೆ. ಮುಂದಿದ್ದವರು ಮೇಣದಬತ್ತಿ ಹಿಡಿದಿದ್ದರು. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲುವುದಿಲ್ಲ ಅಂತ ಲೆಕ್ಕ, ತಕ್ಷಣ ಹೊರಗೆ ಬರಬೇಕು. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವಾಗ ಮೇಲಿಂದ ಕುತ್ತಿಗೆಗೆ ಬಿದ್ದ ಒಂದೊಂದು ಹನಿಯ ತಂಪು ಈಗಲೂ ನೆನಪಿದೆ.

ಅಲ್ಲಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ. ಸಂಪಾಜೆ ದಾಟಿದ ಮೇಲೆ ಮಡಿಕೇರಿವರೆಗೆ ಏರು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ನಾವು ಹೊರಡುವುದು ಸಮುದ್ರದ ಬದಿಯಿಂದ. ಹದಿನಾರು ಕಿಲೋ ಹೊರೆ ಹಿಂದಿತ್ತು. ನಾನು ಇದನ್ನು ಒಂದೇ ದಿನದಲ್ಲಿ ಹತ್ತಲಿಲ್ಲ, ಹತ್ತಲೂಬಾರದು. ಸಂಪಾಜೆಯಲ್ಲಿ ಉಳಿದು ಬೆಳಗಿನ ಜಾವ ಹೊರಟೆ. ಅತಿ ಸಣ್ಣ ಗೇರಿನಲ್ಲಿ ಮಾತಾಡಲು ಆಗುವಷ್ಟು ನಿಧಾನಕ್ಕೆ ತುಳಿದೆ, ಉಸಿರು ಕಟ್ಟಿದ ಕಡೆ ಇಳಿದು ತಳ್ಳಿದೆ.

ಹುಣಸೂರಿನ ಆಚೆ ಒಂದು ತೋಟದವರು ಫೋನಿನಲ್ಲಿ ಒಪ್ಪಿದ್ದರು. ಸಂಜೆ ಐದೂವರೆಗೆ ಹೋದರೆ ಗೇಟಲ್ಲೇ "ಈಗ ಆಗಲ್ಲ" ಅಂದರು. ಕತ್ತಲಾಗುತ್ತಿತ್ತು. ಹಿಂದಿನ ಹಳ್ಳಿಗೆ ವಾಪಸ್ ಹೋಗಿ ಅಂಗಡಿಯವರನ್ನು ಕೇಳಿ ಒಂದು ಜಗಲಿಯಲ್ಲಿ ಮಲಗಿದೆ. ತುಂಬ ಬೇಸರವಾಯಿತು. ಆಮೇಲಿಂದ ಎಲ್ಲಿಗೇ ಹೋಗಲಿ, ಹಿಂದಿನ ದಿನ ಸಂಜೆ ಇನ್ನೊಮ್ಮೆ ಫೋನ್ ಮಾಡುತ್ತೇನೆ, ಮಧ್ಯಾಹ್ನ ಎರಡು ಗಂಟೆಯ ಒಳಗೆ ಊರು ಸೇರುತ್ತೇನೆ.

ಮೈಸೂರು, ನಂಜನಗೂಡು, ಚಾಮರಾಜನಗರ ದಾಟಿ ತಾಳವಾಡಿ. ಗಡಿ ದಾಟಿದ್ದು ರಸ್ತೆ ಬದಿಯ ಬೋರ್ಡಿನಿಂದ ಗೊತ್ತಾಯಿತು, ಮಾತಿನಿಂದ ಅಲ್ಲ. ಅಕ್ಷರ ತಮಿಳು, ಹೊಲದಲ್ಲಿ ಕೂಗುತ್ತಿದ್ದದ್ದು ಚಾಮರಾಜನಗರದ ಕನ್ನಡ. ನಾನು ಕಾಸರಗೋಡಿನವನು ಅಂದ ಕೂಡಲೇ ಮನೆಯ ಅಣ್ಣ ಕೇಳಿದ್ದು, "ನಿಮ್ ಕಡೆನೂ ಬಸ್ಸಿನ ಬೋರ್ಡು ಓದೋಕಾಗಲ್ವಾ?" ಆ ರಾತ್ರಿ ಊಟ ಆದ ಮೇಲೆ ತುಂಬ ಹೊತ್ತು ಇದೇ ಮಾತು. ಭಾಷಾವಾರು ರಾಜ್ಯಗಳಾಗುವ ಮೊದಲು ಅವರ ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ನಮ್ಮ ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು, ಮಡಕಶಿರಾ ಅನಂತಪುರದಲ್ಲಿತ್ತು, ಮೂರೂ ಆಗ ಮದ್ರಾಸಿನ ಕೆಳಗೇ. 1953ರಲ್ಲಿ ಅನಂತಪುರ ಆಂಧ್ರಕ್ಕೆ ಹೋಯಿತು, 1956ರಲ್ಲಿ ನಾವು ಕೇರಳಕ್ಕೆ, ಅವರು ಇದ್ದಲ್ಲೇ ಉಳಿದರು. ನಾನು ಸೈಕಲ್ಲಲ್ಲಿ ಹೋಗುತ್ತಿದ್ದ ಊರುಗಳು ಹೀಗೆ ಒಂದಕ್ಕೊಂದು ನೆಂಟರು ಅಂತ ಹೊರಡುವಾಗ ಯೋಚಿಸಿರಲಿಲ್ಲ.

ಅರಿಶಿನದ ಕೆಲಸದ ಬಗ್ಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಒಣಗಿದ ಎಲೆ ಕೊಯ್ದ ಮೇಲೆ ಕೀಳುವುದನ್ನು ಹೆಂಗಸರ ತಂಡಗಳು ಗುತ್ತಿಗೆಗೆ ಮಾಡುತ್ತವೆ. ಮೊದಲ ದಿನ ಹುಮ್ಮಸ್ಸಿನಲ್ಲಿ ಗುದ್ದಲಿ ಹಿಡಿದು ಅವರ ಜತೆ ಒಂದು ಸಾಲು ತಗೊಂಡೆ. ಅರ್ಧ ಗಂಟೆಯಲ್ಲಿ ಅವರು ಆಚೆ ಬದು ಮುಟ್ಟಿದ್ದರು. "ನಿನ್ ಸಾಲು ಮುಗಿಯೋಗಂಟ ನಾವು ಕಾಯ್ಬೇಕಲ್ಲಪ್ಪ" ಅಂದರು ಒಬ್ಬ ಅವ್ವ, ಸಿಟ್ಟಿಲ್ಲದೆ. ಆಗ ಅರ್ಥವಾಯಿತು. ಪುಕ್ಕಟೆ ಕೆಲಸ ಮಾಡುವವನು ಕೂಲಿಯವರ ಸಾಲಿಗೆ ಹೋಗಬಾರದು. ನಿಧಾನ ಮಾಡಿದರೆ ಅವರ ಹೊತ್ತು ಹಾಳು, ಜೋರು ಮಾಡಿದರೆ ಅವರ ಕೂಲಿಗೆ ಕುತ್ತು. ಮಾರನೇ ದಿನದಿಂದ ಮನೆಯವರೇ ಮಾಡುವ ಕೆಲಸಕ್ಕೆ ಸೇರಿದೆ. ಕಿತ್ತ ಅರಿಶಿನದ ಮಣ್ಣು ಬಿಡಿಸಿ ಗೆಡ್ಡೆ ಬೇರೆ, ಕೊಂಬು ಬೇರೆ ಮಾಡುವುದು. ಬೇಯಿಸುವ ದಿನ ಸೌದೆ ಹೊರುವುದು. ಬೆಂದಿದೆಯಾ ಅಂತ ಸಣ್ಣ ಕಡ್ಡಿ ಚುಚ್ಚಿ ನೋಡುತ್ತಾರೆ, ಸಲೀಸಾಗಿ ಇಳಿದರೆ ಆಯಿತು. ಆಮೇಲೆ ಹತ್ತು ಹದಿನೈದು ದಿನ ಬಿಸಿಲು. ಒಣಗಿದ ಕೊಂಬನ್ನು ಮುರಿದರೆ ಟಣ್ ಅನ್ನಬೇಕು. ಅಣ್ಣ ದಿನಾ ಸಂಜೆ ಒಂದು ಮುರಿದು ಕಿವಿ ಹತ್ತಿರ ಹಿಡಿಯುತ್ತಿದ್ದರು, ಆಮೇಲೆ ನನ್ನ ಕೈಗೂ ಒಂದು ಕೊಡುತ್ತಿದ್ದರು. ಸದ್ದಿನ ವ್ಯತ್ಯಾಸ ನನಗೆ ತಿಳಿಯಲು ನಾಲ್ಕು ದಿನ ಬೇಕಾಯಿತು.

ಕತ್ತಲಾದ ಮೇಲೆ ಅಲ್ಲಿ ಸೈಕಲ್ ಮುಟ್ಟುವಂತಿಲ್ಲ. ಸುತ್ತ ಸತ್ಯಮಂಗಲದ ಹುಲಿ ರಕ್ಷಿತಾರಣ್ಯ. "ಆನೆ ಅರಿಶಿನ ತಿನ್ನಲ್ಲ, ಆದ್ರೆ ತುಳ್ಕಂಡು ಬಾಳೆಗೆ ಹೋಯ್ತದೆ" ಅಂತ ಅಣ್ಣ ರಾತ್ರಿ ಅಟ್ಟಣೆ ಮೇಲೆ ಟಾರ್ಚ್ ಹಿಡಿದು ಕೂರುತ್ತಿದ್ದರು. ದಿಂಬಂ ಘಾಟಿಯ 27 ತಿರುವು ಇಳಿಯುವ ಆಸೆ ನನಗಿತ್ತು. ಅವರು ಬೇಡ ಅಂದರು, ಬಿಟ್ಟೆ. ಆ ಕಾಡಿನ ಬಗ್ಗೆ ಅಲ್ಲಿ ಹುಟ್ಟಿದವರ ಮಾತು ಕೇಳಬೇಕು.

ಅಟ್ಟಣೆಯಲ್ಲೇ ಒಂದು ರಾತ್ರಿ ಸುರಂಗದ ವಿಷಯ ಹೇಳಿದೆ. ಅಣ್ಣ ಬೋರ್‌ವೆಲ್ ಮೂರು ಸಲ ಕೊರೆಸಿ ಸೋತಿದ್ದರು. "ಗುಡ್ಡದಿಂದ ನೀರು ತಾನೇ ಬತ್ತದಾ? ಮೋಟ್ರಿಲ್ದೆ?" ಅಂತ ಎರಡೆರಡು ಸಲ ಕೇಳಿದರು. ಫೋಟೋ ತೋರಿಸಿದೆ. ನಂಬಿದರೋ ಇಲ್ಲವೋ ಆ ಕತ್ತಲಲ್ಲಿ ಮುಖ ಕಾಣಲಿಲ್ಲ.

ಕೊಳ್ಳೇಗಾಲ, ಮಳವಳ್ಳಿ, ಮದ್ದೂರು, ಕುಣಿಗಲ್, ತುಮಕೂರು, ಮಧುಗಿರಿ. ಈ ದಾರಿ ಸುಲಭ. ಆದರೆ ಸೈಕಲ್ ತುಳಿದು ಗಟ್ಟಿಯಾದ ಕಾಲಿಗೂ ಕೂತು ಬಗ್ಗಿ ಕೆಲಸ ಮಾಡಿದ ಸೊಂಟಕ್ಕೂ ಸಂಬಂಧವೇ ಇಲ್ಲ. ತಾಳವಾಡಿಯಿಂದ ಹೊರಟ ಮೊದಲ ದಿನವೇ 70 ಕಿಲೋಮೀಟರ್ ಹೋಗಿ, ಸಂಜೆ ಬೆರಳುಗಳು ಜೋಮು ಹಿಡಿದು ಶರ್ಟಿನ ಗುಂಡಿ ಬಿಚ್ಚಲು ಆಗಲಿಲ್ಲ. ಕೆಲಸ ಬಿಟ್ಟ ಮರುದಿನ 30 ಸಾಕು, ಮೂರನೇ ದಿನದಿಂದ 60–70. ಮಧುಗಿರಿ ದಾಟಿದ ಮೇಲೆ ಜಾಲಿ ಮುಳ್ಳು. ಒಂದೇ ದಿನ ಮೂರು ಪಂಕ್ಚರ್. ಟ್ಯೂಬಿಗೆ ಪ್ಯಾಚ್ ಹಾಕಿದರೆ ಸಾಲದು, ಟೈರಿನ ಒಳಗೆ ಬೆರಳಾಡಿಸಿ ಮುರಿದ ಮುಳ್ಳಿನ ಮೊನೆ ತೆಗೆಯದಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತದೆ.

ಮಡಕಶಿರಾ, ರೊಳ್ಳ, ಅಗಳಿ ಕಡೆ ಮನೆಮಾತು ಕನ್ನಡ, ಬೋರ್ಡು ತೆಲುಗು. ರೇಷ್ಮೆ ಮನೆಯ ಬಾಗಿಲಲ್ಲೇ ಯಜಮಾನರು ನನ್ನನ್ನು ತಡೆದರು. ಮೂಗು ಅರಳಿಸಿ, "ಏನು ಹಚ್ಚಿದ್ದೀರ?" ಅಂದರು. ಹಿಂದಿನ ರಾತ್ರಿ ಕೈಕಾಲಿಗೆ ಸೊಳ್ಳೆ ಕ್ರೀಮು ಹಚ್ಚಿದ್ದೆ, ಚೀಲದಲ್ಲಿ ಸೊಳ್ಳೆ ಬತ್ತಿಯೂ ಇತ್ತು. ಸೊಳ್ಳೆ ಬತ್ತಿಯ ಹೊಗೆಗೂ ಹುಳ ಸಾಯುತ್ತದೆ. ನಾನು ಒಂದು ಹೆಜ್ಜೆ ಒಳಗಿಟ್ಟಿದ್ದರೆ ಆ ಮನೆಯ ಒಂದು ಬೆಳೆಯೇ ಹೋಗುತ್ತಿತ್ತೋ ಏನೋ ಅಂತ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬತ್ತಿಯನ್ನು ದೂರ ಎಸೆದು, ಸೋಪು ಹಾಕಿ ಎರಡು ಸಲ ಸ್ನಾನ ಮಾಡಿ, ಬಟ್ಟೆ ಒಗೆದು, ಅವರ ಪಂಚೆ ಉಟ್ಟು ಮಾರನೇ ದಿನ ಒಳಗೆ ಹೋದೆ. ಊರೂರು ತಿರುಗುವ ನಮ್ಮಂಥವರು ಒಂದು ತೋಟದ ರೋಗವನ್ನು ಇನ್ನೊಂದಕ್ಕೆ ಕಾಲಲ್ಲಿ ಹೊತ್ತು ತರಬಹುದು. ದಯವಿಟ್ಟು ಇದನ್ನು ಹಗುರ ಮಾಡಬೇಡಿ. ಹೊಲದ ಬಟ್ಟೆ ಬೇರೆ ಇರಲಿ, ಚಪ್ಪಲಿ ಪ್ರತಿ ಊರಲ್ಲೂ ತೊಳೆಯಿರಿ.

ಚಾಕಿ ಹುಳ ಬಂದ ದಿನದಿಂದ ಗೂಡು ಬಿಡಿಸುವವರೆಗೆ ಇದ್ದೆ. ಬೆಳಿಗ್ಗೆ, ಸಂಜೆ ಹಿಪ್ಪುನೇರಳೆ ಕಡ್ಡಿ ಸಮೇತ ಕೊಯ್ದು ಹಾಕುವುದು. ಹುಳ ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ, ಒಟ್ಟು ನಾಲ್ಕು ಜ್ವರ. ಆಗ ಸೊಪ್ಪು ನಿಲ್ಲಿಸಿ ಸುಣ್ಣ ಉದುರಿಸಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ನಿದ್ದೆ ಇಲ್ಲ. ಹುಳ ತನ್ನ ಆಯಸ್ಸಿನ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ತಿನ್ನುವುದು ಆ ವಾರದಲ್ಲೇ. ಹಣ್ಣಾದ ಹುಳ ಹಿಡಿಯುವುದನ್ನು ಮನೆಯ ಅಕ್ಕ ಕಲಿಸಿದರು. ತಿನ್ನುವುದು ಬಿಟ್ಟು, ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುವ ಹಾಗಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಅಂಥದ್ದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ಅಂಗೈ ಮೇಲೆ ಇಟ್ಟುಕೊಂಡ ಒಂದು ಹುಳ ನಾನು ನೋಡುತ್ತಿದ್ದಂತೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಎಳೆ ಎಳೆಯಿತು.

ಮಾರ್ಚ್ ಬಿಸಿಲಲ್ಲಿ ವಾಪಸ್ ತುಳಿಯಲಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಿ, ಪೆಡಲ್ ಬಿಚ್ಚಿ ಚೀಲಕ್ಕೆ ಹಾಕಿ, ಹ್ಯಾಂಡಲ್ ತಿರುಗಿಸಿ ಕಟ್ಟಿ ರೈಲು ಹತ್ತಿದೆ.

ಮೇ ತಿಂಗಳಲ್ಲಿ ತಾಳವಾಡಿ ಅಣ್ಣನ ಫೋನ್ ಬಂತು. "ಬತ್ತೀನಿ ಕಣಪ್ಪ, ಆ ಮಾಟೆ ನೋಡ್ಬೇಕು." ಸುರಂಗಕ್ಕೆ ಅವರು ಮಾಟೆ ಅಂದದ್ದು. ಮಗನನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದರು. ಬಾಯಾರಿಗೆ ಕರೆದುಕೊಂಡು ಹೋದೆ. ಬೇಸಿಗೆಯ ಕೊನೆ, ನೀರು ಸಣ್ಣಗೆ ಬರುತ್ತಿತ್ತು, ಆದರೂ ಬರುತ್ತಿತ್ತು. ಅಣ್ಣ ಪಂಚೆ ಎತ್ತಿ ಕಟ್ಟಿ, ಟಾರ್ಚ್ ಹಿಡಿದು ಬಗ್ಗಿ ಒಳಗೆ ಹೋದರು. ತುಂಬ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿಂದ ಮಗನನ್ನು ಕೂಗಿದರು, "ಲೇ, ಬಾರೋ ಇಲ್ಲಿ, ಗೋಡೆ ಮುಟ್ಟಿ ನೋಡು."