ಯುರೋಪ್ ಪ್ರವಾಸ: ಊಟದ ಲೆಕ್ಕ ಮೊದಲು, ಊರಿನ ಲೆಕ್ಕ ಆಮೇಲೆ

ಯುರೋಪಿಗೆ ಹೋಗಿಬಂದವರ ಫೋಟೊ ನೋಡಿ. ಐಫೆಲ್ ಗೋಪುರದ ಮುಂದೆ ಎಲ್ಲರೂ ನಗುತ್ತಿರುತ್ತಾರೆ. ಅದಕ್ಕೆ ಹತ್ತು ನಿಮಿಷ ಮೊದಲು ಆಡಿದ ಜಗಳ ಫೋಟೊದಲ್ಲಿ ಬರುವುದಿಲ್ಲ. ನಮ್ಮದೂ ಹಾಗೇ ಆಯಿತು. ಅತ್ತೆ, ಮಾವ, ಒಂಬತ್ತು ವರ್ಷದ ಮಗಳು, ನಾವಿಬ್ಬರು ಸೇರಿ ಐದು ಜನ ಹೋಗಿದ್ದೆವು. ಮೊದಲ ಮೂರು ದಿನ ಯಾವಾಗ ಜಗಳವಾದರೂ ಗಡಿಯಾರ ಮಧ್ಯಾಹ್ನ ಎರಡೂವರೆ ದಾಟಿರುತ್ತಿತ್ತು. ಎಲ್ಲರಿಗೂ ಹಸಿವು, ಅಷ್ಟೇ. ಪ್ಯಾರಿಸ್‌ನಲ್ಲಿ ಬಹಳಷ್ಟು ಹೋಟೆಲುಗಳ ಅಡುಗೆಮನೆ ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ಸಂಜೆ ಏಳರ ಹೊತ್ತಿಗೆ. ನಾವು ಸರಿಯಾಗಿ ಆ ನಡುವೆ ಊಟ ಹುಡುಕುತ್ತಿದ್ದೆವು.

ನಾಲ್ಕನೇ ದಿನ ಪದ್ಧತಿ ಬದಲಿಸಿದೆವು. ಎಲ್ಲಿ, ಎಷ್ಟು ಹೊತ್ತಿಗೆ ಉಣ್ಣುವುದು ಅಂತ ಮೊದಲು ಗೊತ್ತುಮಾಡಿಕೊಂಡು, ನೋಡುವ ಜಾಗಗಳನ್ನು ಅದರ ಸುತ್ತ ಜೋಡಿಸಿದೆವು. ಇನ್ನೊಮ್ಮೆ ಹೋದರೆ ಮೊದಲ ದಿನದಿಂದಲೇ ಹೀಗೆ ಮಾಡುತ್ತೇನೆ.

1. ಊರುಗಳನ್ನು ಕಡಿಮೆ ಮಾಡಿ

ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ಯಾಕೇಜುಗಳಿವೆ. ಅವುಗಳಲ್ಲಿ ಜಾಸ್ತಿ ನೋಡಸಿಗುವುದು ಬಸ್ಸಿನ ಕಿಟಕಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಮೂರು ಊರು ಸಾಕು. ನಮ್ಮದು ಒಟ್ಟು 12 ರಾತ್ರಿ: ಪ್ಯಾರಿಸ್ 4, ಸ್ವಿಟ್ಜರ್ಲೆಂಡಿನ ಲೂಸರ್ನ್ 3, ದಾರಿಯಲ್ಲಿ ಸುಧಾರಿಸಿಕೊಳ್ಳಲು ಮಿಲಾನ್ 1, ರೋಮ್ 4. ಹೋಗುವುದು ಪ್ಯಾರಿಸ್‌ಗೆ, ವಾಪಸ್ ಹೊರಡುವುದು ರೋಮ್‌ನಿಂದ. ವಿಮಾನದ ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಆರಿಸಿಕೊಳ್ಳಿ. ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ದಿನ ಉಳಿಯುತ್ತದೆ.

ನಡುವೆ ಎಲ್ಲಾ ರೈಲು. ಪ್ಯಾರಿಸ್‌ನಿಂದ ಬಾಸೆಲ್‌ಗೆ ಸುಮಾರು ಮೂರು ಗಂಟೆ, ಅಲ್ಲಿಂದ ಲೂಸರ್ನ್‌ಗೆ ಒಂದು ಗಂಟೆ. ಲೂಸರ್ನ್‌ನಿಂದ ಮಿಲಾನ್‌ಗೆ ಮೂರು ಗಂಟೆಗಿಂತ ತುಸು ಜಾಸ್ತಿ. ಈ ರೈಲು 57 ಕಿ.ಮೀ. ಉದ್ದದ ಗೊಟಾರ್ಡ್ ಸುರಂಗದೊಳಗೆ ಹೋಗುತ್ತದೆ. ಜಗತ್ತಿನ ಅತಿ ಉದ್ದದ ರೈಲು ಸುರಂಗ ಇದು. ಮಗಳು ಕತ್ತಲೆ ಎಷ್ಟು ನಿಮಿಷ ಇರುತ್ತದೆ ಅಂತ ಎಣಿಸಲು ಹೋಗಿ ನಿದ್ದೆ ಮಾಡಿದಳು. ವೇಗದ ರೈಲುಗಳ ಟಿಕೆಟ್ ದರ ವಿಮಾನದ ಹಾಗೆ ಏರುತ್ತದೆ, ಎರಡು ಮೂರು ತಿಂಗಳು ಮೊದಲೇ ತೆಗೆದಿಡಿ.

2. ವೀಸಾಕ್ಕೆ ರಾತ್ರಿಗಳನ್ನು ಎಣಿಸಿ

ಈ ಮೂರೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ) ಸಾಕು. ಲಂಡನ್ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ವೀಸಾ. ಅರ್ಜಿ ಹಾಕಬೇಕಾದ್ದು ಮೊದಲು ಇಳಿಯುವ ದೇಶಕ್ಕೆ ಅಲ್ಲ, ಹೆಚ್ಚು ದಿನ ಉಳಿಯುವ ದೇಶಕ್ಕೆ. ಪ್ಯಾರಿಸ್‌ನಲ್ಲಿ ಇಳಿಯುತ್ತೇವಲ್ಲ ಅಂತ ನಾನು ಫ್ರಾನ್ಸಿನ ಫಾರಂ ತುಂಬಲು ಕೂತಿದ್ದೆ. ನಮ್ಮವರು ಬೆರಳು ಮಡಿಸಿ ಎಣಿಸಿದರು. ಫ್ರಾನ್ಸ್ 4 ರಾತ್ರಿ, ಇಟಲಿ ಮಿಲಾನ್ ಸೇರಿ 5. ಹಾಗಾಗಿ ಇಟಲಿಗೇ ಹಾಕಬೇಕು. ಎರಡೂ ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. 12 ತುಂಬದ ಮಕ್ಕಳ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಕೊನೆಯ ತಿಂಗಳವರೆಗೆ ಕಾಯಬೇಡಿ.

3. ತಿಂಡಿ ಚೀಲ

ಇಲ್ಲಿ ಅತ್ತೆಯವರ ಜೊತೆ ಸಣ್ಣ ಯುದ್ಧವೇ ಆಯಿತು. ನಮ್ಮಲ್ಲಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಏನನ್ನೂ ಯುರೋಪ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಅಂದರೆ ತುಪ್ಪದ ಡಬ್ಬಿ ಇಲ್ಲ, ಪೇಡ ಇಲ್ಲ. ಕರಿಬೇವು, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಬೇಡ. "ತುಪ್ಪ ಇಲ್ಲದೆ ಚಟ್ನಿಪುಡಿ ಹೇಗೇ ತಿನ್ನೋದು?" ಅಂದರು ಅತ್ತೆ. ಅಲ್ಲಿ ಬೆಣ್ಣೆ ಎಷ್ಟು ಚೆನ್ನಾಗಿರುತ್ತದೆ ಅಂತ ಅವರಿಗೆ ಆಮೇಲೆ ಗೊತ್ತಾಯಿತು. ಬೇಕರಿಯ ಬಿಸಿ ಬ್ಯಾಗೆಟ್ (ಉದ್ದನೆಯ ಬ್ರೆಡ್) ಸೀಳಿ, ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸಿದರೆ ಬೆಳಗಿನ ತಿಂಡಿ ಮುಗಿಯಿತು.

ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತೆಳು ಅವಲಕ್ಕಿ, ಹುರಿದ ರವೆ ಒಯ್ಯಿರಿ. ಗೊಜ್ಜು ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಚಿಕ್ಕ ರೈಸ್ ಕುಕ್ಕರ್ ಕೂಡ ಒಯ್ಯಬಹುದು. ಅಲ್ಲೂ 230 ವೋಲ್ಟ್ ಕರೆಂಟು, ಪಿನ್ ಬದಲಿಸುವ ಅಡಾಪ್ಟರ್ ಇದ್ದರೆ ಆಯಿತು. ಆದರೆ ಹೋಟೆಲ್ ರೂಮಿನಲ್ಲಿ ಕುಕ್ಕರ್ ಇಡಬೇಡಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಐದು ಜನಕ್ಕೆ ಎರಡು ರೂಮಿಗಿಂತ ಅದೇ ಅನುಕೂಲ. ಬುಕ್ ಮಾಡುವ ಮೊದಲು ಲಿಫ್ಟ್ ಇದೆಯಾ ಅಂತ ಕೇಳಿ. ಪ್ಯಾರಿಸ್‌ನಲ್ಲಿ ನಮಗೆ ಸಿಕ್ಕ ಲಿಫ್ಟಿನಲ್ಲಿ ಮಾವ ಹೋದರೆ ಸೂಟ್‌ಕೇಸಿಗೆ ಜಾಗವಿರಲಿಲ್ಲ.

4. ಟಿಕೆಟ್ ತೆಗೆಯುವ ಮುನ್ನ ವಾರ ನೋಡಿ

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ರೋಮ್ ಊರೊಳಗಿನ ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಪುಕ್ಕಟೆ ಪ್ರವೇಶ, ಆದರೆ ಆ ಸಾಲಿನಲ್ಲಿ ವಯಸ್ಸಾದವರನ್ನು ನಿಲ್ಲಿಸುವುದು ಬೇಡ. ಲೂವ್ರ್, ರೋಮ್‌ನ ಕೊಲೋಸಿಯಂ ಎರಡಕ್ಕೂ 18 ತುಂಬದ ಮಕ್ಕಳಿಗೆ ಹಣವಿಲ್ಲ, ಆದರೂ ಅವರ ಹೆಸರಲ್ಲಿ ಸಮಯ ಕಾದಿರಿಸಿಕೊಳ್ಳಿ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನೊಳಗೆ ಹೋಗಲು ಭುಜ, ಮಂಡಿ ಮುಚ್ಚಿರಬೇಕು. ಅತ್ತೆಯ ಸೀರೆಗೆ ಯಾರ ತಕರಾರೂ ಇರಲಿಲ್ಲ. ಚಡ್ಡಿ ಹಾಕಿದ್ದ ನಮ್ಮವರು ರೂಮಿಗೆ ವಾಪಸ್ ಹೋಗಿ ಬಂದರು.

5. ಈಗ ದಿನ ಜೋಡಿಸಿ

ಬೆಳಿಗ್ಗೆ ಒಂದು ದೊಡ್ಡ ಜಾಗ, ಒಂಬತ್ತಕ್ಕೆಲ್ಲ ಬಾಗಿಲಲ್ಲಿರಬೇಕು. ಹನ್ನೆರಡೂವರೆಗೆ ಊಟಕ್ಕೆ ಕೂರಬೇಕು. ದಿನದ ದೊಡ್ಡ ಊಟ ಇದೇ, ಆ ಊರಿನದೇ. ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಅಗ್ಗ. ಪ್ಯಾರಿಸ್‌ನ ಹೋಟೆಲುಗಳ ಹೊರಗೆ ಕಪ್ಪು ಹಲಗೆಯ ಮೇಲೆ 'ಫೋರ್ಮ್ಯುಲ್' ಅಂತ ಬರೆದಿರುವುದು ಇದನ್ನೇ: ಎರಡು ಬಗೆಯ ತಿನಿಸಿಗೆ ಒಂದೇ ದರ. ಊಟವಾದ ಮೇಲೆ ಪಾರ್ಕು, ದೋಣಿ, ನಿದ್ದೆ, ಏನಾದರೂ ಸರಿ, ಮ್ಯೂಸಿಯಂ ಮಾತ್ರ ಬೇಡ. ಸಂಜೆ ಸೂಪರ್ ಮಾರ್ಕೆಟಿಗೆ ಹೋಗಿ ಮೊಸರು, ಟೊಮೆಟೊ ತಂದು ಮನೆಯಲ್ಲಿ ಅನ್ನ. ಜೂನ್ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ಉಂಡು ಮತ್ತೊಂದು ಸುತ್ತು ಹೋಗಿ ಐಫೆಲ್ ದೀಪ ನೋಡಬಹುದು.

6. ಏನು ತಿನ್ನುವುದು, ಏನು ಕೇಳುವುದು

ಮಾಂಸ ತಿನ್ನುವವರಿಗೆ ಕಷ್ಟವೇ ಇಲ್ಲ. ದನ, ಹಂದಿ ಬೇಡವೆಂದರೆ ಮೆನುವಿನಲ್ಲಿ ಫ್ರೆಂಚಿನ 'ಬಫ್', 'ಪೋರ್', ಇಟಾಲಿಯನ್ನಿನ 'ಮಾಂಝೊ', 'ಮಯಾಲೆ' ಪದಗಳನ್ನು ಗುರುತಿಸಿಕೊಳ್ಳಿ. ಸಸ್ಯಾಹಾರಿಗಳು ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ ಅಂತ ಬಿಡಿಸಿ ಹೇಳಿ: ಇಟಲಿಯಲ್ಲಿ 'ಸೆಂಝಾ ಕಾರ್ನೆ, ಸೆಂಝಾ ಪೇಶೆ', ಲೂಸರ್ನ್‌ನಲ್ಲಿ 'ಓನೆ ಫ್ಲೈಶ್, ಓನೆ ಫಿಶ್'.

ಕಣ್ಣಿಗೆ ಸಸ್ಯಾಹಾರಿಯಾಗಿ ಕಾಣುವುದರ ಮೇಲೆ ಜಾಸ್ತಿ ಎಚ್ಚರ ಬೇಕು. ಫ್ರೆಂಚ್ ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರು ಹಾಕುತ್ತಾರೆ. ಮಿಲಾನ್‌ನ ಕೇಸರಿ ಹಾಕಿದ ಅನ್ನ, ರಿಸೊಟ್ಟೊ, ಥೇಟ್ ನಮ್ಮ ಚಿತ್ರಾನ್ನದ ಬಣ್ಣ. ಸಾಂಪ್ರದಾಯಿಕವಾಗಿ ಮಾಡಿದ್ದಾದರೆ ಅದರಲ್ಲಿ ಮೂಳೆಯೊಳಗಿನ ಕೊಬ್ಬು ಇರುತ್ತದೆ. ಪಾರ್ಮೆಸಾನ್ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಚೀಸ್ ಕರಗಿಸಿ ಮಾಡುವ ಸ್ವಿಸ್ ಫಾಂಡ್ಯುಗೆ ವೈನ್ ಸೇರಿಸುತ್ತಾರೆ. ಎಲ್ಲಿ ಗೆರೆ ಎಳೆಯುವುದು ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ನಾವು ಚೀಸಿನ ವಿಷಯ ಅತ್ತೆಯವರಿಗೆ ಮೊದಲೇ ಹೇಳಿದೆವು, ಅವರು ಚೀಸ್ ಇಲ್ಲದ ಪಿಜ್ಜಾ 'ಮರಿನಾರ' ಹಿಡಿದುಕೊಂಡರು. ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ.

ಪ್ಯಾರಿಸ್‌ನಲ್ಲಿ ಮರೇ ಬಡಾವಣೆಯ ರೋಝಿಯೆ ಬೀದಿಯ ಫಲಾಫೆಲ್ ತಿನ್ನಿ. ಕಡಲೆಯ ಮಸಾಲೆ ವಡೆ ಅನ್ನಿ. ಸಾರು, ದೋಸೆ ನೆನಪಾದರೆ ಗಾರ್ ದು ನಾರ್ ಸ್ಟೇಷನ್ ಹತ್ತಿರದ ಲಾ ಶಾಪೆಲ್‌ಗೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿಸಾಲು ಅದು. ನುಗ್ಗೆಕಾಯಿ ನೋಡಿ ಅತ್ತೆ ಅಲ್ಲೇ ಅರ್ಧ ಗಂಟೆ ನಿಂತರು. ಕುಡಿಯುವ ನೀರಿಗೆ ಹಣ ಕೊಡಬೇಡಿ, 'ಕರಾಫ್ ದೋ' ಅಂದರೆ ನಲ್ಲಿ ನೀರು ಪುಕ್ಕಟೆ ತಂದಿಡುತ್ತಾರೆ. ರೋಮ್‌ನಲ್ಲಂತೂ ಬೀದಿ ಬೀದಿಯಲ್ಲಿ ನಲ್ಲಿಗಳಿವೆ, ಬಾಟಲಿ ತುಂಬಿಕೊಳ್ಳಿ.

ಲೂಸರ್ನ್‌ನಲ್ಲಿ ಊಟ ದುಬಾರಿ, ಯೂರೊ ಅಲ್ಲ ಫ್ರಾಂಕ್. ಭಾನುವಾರ ಸ್ಟೇಷನ್ನಿನ ಅಂಗಡಿಗಳನ್ನು ಬಿಟ್ಟರೆ ಹೆಚ್ಚಿನವು ಮುಚ್ಚಿರುತ್ತವೆ. ಅಲ್ಲಿನ ನಮ್ಮ ಅತಿ ಒಳ್ಳೆಯ ಊಟ ಬುತ್ತಿಯ ಪುಳಿಯೋಗರೆ. ಸರೋವರದಲ್ಲಿ ದೋಣಿ ಹತ್ತಿ ವಿಟ್ಸ್‌ನೌಗೆ ಹೋಗಿ, ಅಲ್ಲಿಂದ 1871ರಲ್ಲಿ ಶುರುವಾದ ಹಲ್ಲುಹಳಿ ರೈಲಿನಲ್ಲಿ 1,798 ಮೀಟರ್ ಎತ್ತರದ ರಿಗಿ ಬೆಟ್ಟ ಏರಿ, ಬೆಂಚಿನ ಮೇಲೆ ಕೂತು ತಿಂದೆವು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ದೋಣಿ, ರೈಲು ಎರಡೂ ಅದರಲ್ಲೇ ಸೇರಿದೆ. ಫ್ಯಾಮಿಲಿ ಕಾರ್ಡ್ ಕೇಳಿ ಪಡೆದರೆ 16 ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಜೊತೆ ಟಿಕೆಟ್ ಬೇಡ.

ರೋಮ್‌ನಲ್ಲಿ ಪಿಜ್ಜಾ ತೂಕಕ್ಕೆ ಸಿಗುತ್ತದೆ. ಎಷ್ಟು ಬೇಕೋ ಅಷ್ಟು ಕೈಯಲ್ಲಿ ತೋರಿಸಿ, ಕತ್ತರಿಸಿ ಕೊಡುತ್ತಾರೆ. ಮಿಲಾನ್‌ನಲ್ಲಿ ಕೂತು ಉಂಡರೆ ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗಿಷ್ಟು ಸೇರಿರಬಹುದು, ಅದು ಮೋಸವಲ್ಲ. ಕಾಫಿಯನ್ನು ಮಾತ್ರ ಕೂತು ಕುಡಿಯಬೇಡಿ, ದರ ಏರುತ್ತದೆ. ಬಹಳಷ್ಟು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು, ಚೀಟಿ ತಗೊಂಡು, ಕೌಂಟರಿನಲ್ಲಿ ಕೊಟ್ಟು, ನಿಂತೇ ಕುಡಿಯುವುದು. ಅಲ್ಲಿವರೆಗೆ ಎಲ್ಲ ಹೋಟೆಲಿನಲ್ಲೂ ನಮ್ಮ ಮುಖ ನೋಡುತ್ತಿದ್ದ ಮಾವ, ರೋಮ್‌ನ ಮೊದಲ ಬೆಳಿಗ್ಗೆ ತಾವೇ ಮುಂದೆ ಹೋಗಿ ಐದು ಚೀಟಿ ತಂದರು. "ದರ್ಶಿನಿ ಕಣಮ್ಮ ಇದು," ಅಂದರು.