ಪತ್ರಿಕೆಯ ಮುಖಪುಟವನ್ನು ಮಗ್ ಮೇಲೆ ಹಾಕಿ ಮಾರುವ ಮುನ್ನ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಫೋಟೊಗೆ ಕಟ್ಟು ಹಾಕುವುದು, ಮಗ್, ಟೀ ಶರ್ಟು, ದಿಂಬಿನ ಮೇಲೆ ಪ್ರಿಂಟ್ ಹಾಕಿಕೊಡುವುದು ಕೆಲಸ. ಕೆಲವು ವರ್ಷಗಳ ಹಿಂದೆ ‘ನೀವು ಹುಟ್ಟಿದ ದಿನದ ಪೇಪರ್’ ಅಂತ ಒಂದು ಫ್ರೇಮ್ ಶುರು ಮಾಡಿದೆ. ಗ್ರಾಹಕರು ತಾರೀಖು ಹೇಳಿದರೆ ಆ ದಿನದ ಮುಖಪುಟದ ಸ್ಕ್ಯಾನ್ ಹುಡುಕಿ, ಎ3 ಅಳತೆಗೆ ಪ್ರಿಂಟ್ ತೆಗೆದು, ಗಾಜು ಕೂರಿಸಿ ಕೊಡುತ್ತಿದ್ದೆ. ನೂರಾ ನಲವತ್ತು ಫ್ರೇಮ್ ಮಾರಿದ ಮೇಲೆ ಒಂದು ಪತ್ರಿಕೆಯ ವಕೀಲರಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬಂತು. ಅದರಲ್ಲಿ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63 ಬರೆದಿತ್ತು: ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಉಳಿದ ಮಾಲು ಇಳಿಸಿ, ಲಿಖಿತ ಮುಚ್ಚಳಿಕೆ ಕೊಟ್ಟು ಆ ಗಂಟನ್ನು ಬಿಡಿಸಿಕೊಂಡೆ. ನಂತರ ವಕೀಲ ಮೇಡಂ ಒಬ್ಬರ ಮುಂದೆ ಕೂತು ಕಾಯ್ದೆಯನ್ನು ಸೆಕ್ಷನ್ ಸೆಕ್ಷನ್ ಓದಿಸಿಕೊಂಡೆ. ಇದೇ ವ್ಯಾಪಾರಕ್ಕೆ ಇಳಿಯುವವರಿಗೆ ಅದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮುಖಪುಟ ಅಂದರೆ ಒಂದು ಆಸ್ತಿ, ಅದಕ್ಕೆ ಒಬ್ಬ ಯಜಮಾನ ಅಂತ ನಾನು ತಿಳಿದಿದ್ದೆ. ಅದು ಹಾಗಿಲ್ಲ. ಒಂದೇ ಹಾಳೆಯ ಮೇಲೆ ನಾಲ್ಕೈದು ಜನರ ಹಕ್ಕು ಮಲಗಿರುತ್ತದೆ. ಆದ್ದರಿಂದ ಮೊದಲ ಕೆಲಸ ಪೆನ್ಸಿಲ್ ಹಿಡಿಯುವುದು. ಪುಟದ ಒಂದು ಜೆರಾಕ್ಸ್ ತೆಗೆದು, ಪ್ರತಿ ಭಾಗದ ಸುತ್ತ ಗೆರೆ ಎಳೆದು, ಒಳಗೆ ‘ಇದು ಯಾರದ್ದು?’ ಅಂತ ಬರೆಯಿರಿ.

ಒಂದು ಪುಟ ಹಿಡಿದೇ ಹೇಳುತ್ತೇನೆ. ಕ್ರಿಕೆಟ್ ಹುಚ್ಚಿನ ಒಬ್ಬ ಹುಡುಗ ಅವರ ಅಪ್ಪನ ಟ್ರಂಕಿನಿಂದ, ಭಾರತ ವಿಶ್ವಕಪ್ ಗೆದ್ದ ಮರುದಿನದ, ಅಂದರೆ 1983ರ ಜೂನ್ 26ರ ಪೇಪರ್ ತಂದಿದ್ದ. ನುಸಿಗುಳಿಗೆಯ ವಾಸನೆ, ಮಡಿಕೆಯಲ್ಲಿ ಹರಿದ ಕಾಗದ. “ಅಣ್ಣಾರ, ಇದನ್ನ ಐವತ್ತು ಕಪ್ಪಿನ ಮ್ಯಾಲೆ ಹಾಕಿ ಕೊಡ್ರಿ, ನಮ್ಮ ಕ್ಲಬ್ಬಿನವ್ರು ಮಾರತೇವಿ” ಅಂದ. ಆಗಲೇ ನಾನು ನೋಟಿಸ್ ಕಂಡವನು. ಅವನನ್ನು ಕೂರಿಸಿಕೊಂಡು ಗೆರೆ ಎಳೆದೆ.

ಮೇಲ್ಗಡೆ ಪತ್ರಿಕೆಯ ಹೆಸರು, ಅದರದೇ ಅಕ್ಷರಗಳಲ್ಲಿ. ಇಲ್ಲಿ ಕಾಪಿರೈಟ್‌ಗಿಂತ ಮೊದಲು ಟ್ರೇಡ್‌ಮಾರ್ಕ್ ನೋಡಬೇಕು. ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದು ಮುಗಿಯುವುದೇ ಇಲ್ಲ, ಪೇಪರ್ ಎಷ್ಟೇ ಹಳೆಯದಿರಲಿ. ಆ ಹೆಸರು ಎದ್ದು ಕಾಣುವ ಮಗ್ ಕೊಂಡವರು ಪತ್ರಿಕೆಯವರೇ ಮಾಡಿಸಿದ್ದು ಅಂದುಕೊಳ್ಳುತ್ತಾರೆ, ತಕರಾರು ಹುಟ್ಟುವುದು ಅಲ್ಲೇ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸುತ್ತಾರೆ: ಅಚ್ಚಾದ ಕಾಗದ 16ನೇ ವರ್ಗ, ಮಗ್ 21, ತೊಡುವ ಬಟ್ಟೆ 25. ‘ನನ್ನ ವರ್ಗ ಬೇರೆ’ ಅನ್ನುವ ವಾದ ಹೆಸರುವಾಸಿ ಪತ್ರಿಕೆಯ ಎದುರು ನಿಲ್ಲುವುದು ಕಷ್ಟ.

ಅದರ ಕೆಳಗೆ ವರದಿ. ಭಾರತ 183 ಹೊಡೆದದ್ದು, ವೆಸ್ಟ್ ಇಂಡೀಸ್ 140ಕ್ಕೆ ಬಿದ್ದದ್ದು, 43 ರನ್ನಿನ ಗೆಲುವು: ಇವು ಯಾರ ಸ್ವತ್ತೂ ಅಲ್ಲ. ನಡೆದ ಸಂಗತಿಗೆ ಕಾಪಿರೈಟ್ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ಆದರೆ ಆ ಸಂಗತಿಯನ್ನು ವರದಿಗಾರ ಕಟ್ಟಿದ ವಾಕ್ಯಗಳಿಗೆ ಹಕ್ಕಿದೆ. ವರದಿಯ ಪಕ್ಕದಲ್ಲಿ ಕಪ್ ಹಿಡಿದ ಕಪಿಲ್ ದೇವ್ ಫೋಟೊ, ಅಡಿಯಲ್ಲಿ ಸಣ್ಣಕ್ಷರದಲ್ಲಿ ಸುದ್ದಿಸಂಸ್ಥೆಯ ಹೆಸರು. ಸಂಸ್ಥೆಯವರು ಪತ್ರಿಕೆಗೆ ಕೊಡುವುದು ಸಾಮಾನ್ಯವಾಗಿ ಅಚ್ಚು ಹಾಕುವ ಅನುಮತಿ ಮಾತ್ರ. ಅದನ್ನು ನಿಮ್ಮ ಮಗ್ಗಿಗೆ ದಾಟಿಸುವ ಅಧಿಕಾರ ಪತ್ರಿಕೆಗೇ ಇರುವುದಿಲ್ಲ. ಫೋಟೊದಲ್ಲಿರುವ ವ್ಯಕ್ತಿಯ ಪ್ರಶ್ನೆ ಮತ್ತೆ ಬೇರೆ: ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ ಬೊಂಬೆ ಮಾರಿದವರ ವಿರುದ್ಧ 2010ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ. ಮೂಲೆಯಲ್ಲಿದ್ದ ಜಾಹೀರಾತು ಆ ಕಂಪನಿಯದ್ದು, ಅದನ್ನು ಅಳಿಸಿಬಿಡುವುದೇ ಸರಿ.

ಈಗ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಮಾತು. ನನಗೆ ಗೊತ್ತಿರುವ ಪ್ರಿಂಟಿಂಗ್‌ನವರಲ್ಲಿ ಒಬ್ಬರೂ ಇದನ್ನು ಓದಿರಲಿಲ್ಲ. ಪತ್ರಿಕೆಯ ನೌಕರರು ಬರೆದದ್ದು, ತೆಗೆದದ್ದು, ಬಿಡಿಸಿದ್ದು ಎಲ್ಲವೂ ಮಾಲೀಕರದ್ದೇ ಅಂತ ನಾವು ಅಂದುಕೊಳ್ಳುತ್ತೇವೆ. ಕಾಯ್ದೆ ಹೇಳುವುದು ಬೇರೆ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಮಾಲೀಕರು ಮೊದಲ ಹಕ್ಕುದಾರರು. ಉಳಿದ ಎಲ್ಲಕ್ಕೂ ಆ ವರದಿಗಾರ, ಆ ಫೋಟೊಗ್ರಾಫರ್, ಆ ವ್ಯಂಗ್ಯಚಿತ್ರಕಾರರೇ ಹಕ್ಕುದಾರರು. ಮಗ್ ಪತ್ರಿಕೆಯಲ್ಲವಲ್ಲ! ಅಂದರೆ ಪತ್ರಿಕೆ ಕಚೇರಿ ‘ಆಗಲಿ’ ಅಂದರೂ ಕೆಲಸ ಮುಗಿಯಲಿಲ್ಲ. ‘ಇದನ್ನು ಬೇರೆ ವಸ್ತುವಿನ ಮೇಲೆ ಬಳಸಲು ಬಿಡುವ ಹಕ್ಕನ್ನು ನೀವು ನಿಮ್ಮ ನೌಕರರಿಂದ ಬರೆಸಿಕೊಂಡಿದ್ದೀರಾ?’ ಎಂದು ಕೇಳಲೇಬೇಕು. ಸಂಕೋಚ ಪಡಬೇಡಿ. ಇಷ್ಟು ಕೇಳಿದ ಮೇಲೆಯೇ ಅವರ ಕಚೇರಿಯಲ್ಲೂ ಫೈಲು ತೆಗೆದು ನೋಡುತ್ತಾರೆ. ಊರೂರು ಅಲೆದು ಚಿತ್ರ ತಂದ ಫೋಟೊಗ್ರಾಫರ್‌ಗೆ ಅವನ ಪಾಲು ಸಿಗುವ ದಾರಿಯೂ ಇದೇ. ನೋಟಿಸ್ ಬರುವವರೆಗೆ ನಾನು ಅವನ ಬಗ್ಗೆ ಯೋಚಿಸಿಯೇ ಇರಲಿಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

‘ಹಳೇ ಪೇಪರ್‌ಗೆ ಏನು ಕಾಪಿರೈಟ್’ ಅನ್ನುವವರಿಗೆ ಲೆಕ್ಕ ಹೀಗಿದೆ. ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ಮರುವರ್ಷದ ಜನವರಿಯಿಂದ 60 ವರ್ಷ. ಬರೆದವರ ಹೆಸರು ಗೊತ್ತಿದ್ದರೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕರ್ನಾಟಕ ಏಕೀಕರಣದ ಸುದ್ದಿ ಬಂದ 1956ರ ನವೆಂಬರಿನ ಪೇಪರಿನಲ್ಲಿ ಹೆಸರಿಲ್ಲದ ವರದಿಗಳ ಕಾಪಿರೈಟ್ 2016ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆದರೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿಯಲ್ಲಿ. ಅವರ ವ್ಯಂಗ್ಯಚಿತ್ರ ಇರುವ ಪುಟ 1950ರ ದಶಕದ್ದೇ ಆಗಿರಲಿ, ಆ ಚಿತ್ರದ ಹಕ್ಕು 2075ರ ಕೊನೆಯವರೆಗೂ ಜೀವಂತ. ಫೋಟೊಗಳಿಗೆ ಮೊದಲು ಪ್ರಕಟಣೆಯಿಂದ 60 ವರ್ಷ ಎಂದಿತ್ತು. 2012ರ ತಿದ್ದುಪಡಿಯ ನಂತರ ಅವಧಿ ಉಳಿದಿದ್ದ ಫೋಟೊಗಳಿಗೂ ಫೋಟೊಗ್ರಾಫರ್‌ನ ಆಯುಷ್ಯದ ಲೆಕ್ಕವೇ.

ಗಾಂಧೀಜಿ ಚಿತ್ರವಿರುವ ಪುಟವಾದರೆ ಕಾಪಿರೈಟ್ ಮುಗಿದಿದ್ದರೂ ಸಾಲದು. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯಲ್ಲಿ ಅವರ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಕೇಂದ್ರ ಸರ್ಕಾರದ ಅನುಮತಿ ಬೇಕು. ರಾಷ್ಟ್ರಧ್ವಜ ಇರುವ ಪುಟವನ್ನು ದಿಂಬು, ಕರವಸ್ತ್ರದ ಮೇಲೆ ಹಾಕಲೇಬೇಡಿ, ಅದಕ್ಕೆ ಪ್ರತ್ಯೇಕ ಕಾನೂನಿದೆ.

ಅನುಮತಿ ಕೇಳುವಾಗ ಫೋನಿನ ಮಾತು, ವಾಟ್ಸ್‌ಆ್ಯಪ್‌ನ ಹೆಬ್ಬೆರಳು ನಂಬಬೇಡಿ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 30ರ ಪ್ರಕಾರ ಲೈಸೆನ್ಸ್ ಬರಹದಲ್ಲಿರಬೇಕು. ಯಾವ ತಾರೀಖಿನ ಪುಟ, ಯಾವ ವಸ್ತು, ಎಷ್ಟು ನಗ, ಎಷ್ಟು ಹಣ, ಫೋಟೊ ಸೇರಿದೆಯೋ ಬಿಟ್ಟಿದೆಯೋ, ಎಲ್ಲ ಬರಲಿ. ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷ ಅನ್ನುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅಮೆರಿಕದ ಕನ್ನಡ ಕೂಟದವರು ಆನ್‌ಲೈನ್‌ನಲ್ಲಿ ಆರ್ಡರ್ ಕೊಡುತ್ತಾರೆ ಅಂತಿದ್ದರೆ ಹೊರದೇಶವನ್ನೂ ಹೆಸರಿಸಿ. ಇ-ಪೇಪರ್‌ನಿಂದ ಇಳಿಸಿಕೊಂಡ ಪುಟಕ್ಕೆ ಇನ್ನೊಂದು ತೊಡಕಿದೆ: ಚಂದಾ ಕಟ್ಟುವಾಗ ನೀವು ಒಪ್ಪಿದ ಷರತ್ತುಗಳು ನಿಮ್ಮನ್ನು ಬೇರೆಯಾಗಿ ಕಟ್ಟಿಹಾಕುತ್ತವೆ.

ಗ್ರಾಹಕರು ತಾವೇ ಪೇಪರ್ ತಂದು ಒಂದೇ ಒಂದು ಮಗ್ ಕೇಳಿದರೆ? ಸ್ವಂತ ಬಳಕೆಗೆ ಸೆಕ್ಷನ್ 52ರಲ್ಲಿ ವಿನಾಯಿತಿ ಇದೆ. ಅದು ಅವರಿಗೆ. ಹಣ ಪಡೆದು ಪ್ರಿಂಟ್ ಹಾಕುವ ನನ್ನನ್ನೂ ಅದು ಕಾಯುತ್ತದೆ ಅಂತ ನಾನು ಧೈರ್ಯ ಮಾಡುವುದಿಲ್ಲ.

ಆ ಹುಡುಗನಿಗೆ ಏನು ಮಾಡಿಕೊಟ್ಟೆ ಅಂದರೆ, ಐವತ್ತು ಮಗ್ಗಿಗೆ ನಾವೇ ಹೊಸದಾಗಿ ವಿನ್ಯಾಸ ಕೂರಿಸಿದೆವು: ತಾರೀಖು, 183, 140, 43, ಮತ್ತು ಅವರ ಕ್ಲಬ್ಬಿನ ಹೆಸರು. ಪತ್ರಿಕೆಯ ಹೆಸರಿಲ್ಲ, ಫೋಟೊ ಇಲ್ಲ. ಮೂಲ ಪೇಪರಿಗೆ ಕಟ್ಟು ಹಾಕಿದೆ. ಕೊಂಡು ತಂದ ಪ್ರತಿಯನ್ನು ಹಾಗೆಯೇ ಕಟ್ಟು ಹಾಕಿಸಿಕೊಳ್ಳುವುದಕ್ಕಾಗಲಿ, ಮರಳಿ ಮಾರುವುದಕ್ಕಾಗಲಿ ಯಾರ ಅಪ್ಪಣೆಯೂ ಬೇಡ, ಅಲ್ಲಿ ಹೊಸ ನಕಲು ಹುಟ್ಟುವುದಿಲ್ಲ. ಈಗ ನನ್ನ ಅಂಗಡಿಯಲ್ಲಿ ಹೆಚ್ಚು ಓಡುವುದು ಇದೇ ಕೆಲಸ. ಪೇಪರಿನ ಹಿಂಬದಿಗೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಇಡಿ, ಫೆವಿಕಾಲ್, ಸೆಲೋ ಟೇಪ್ ಮುಟ್ಟಿಸಬೇಡಿ. ಮೇಲಿನ ಎರಡು ಮೂಲೆಗೆ ಮಾತ್ರ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಹಿಟ್ಟಿನ ಗಂಜಿಯಲ್ಲಿ ಅಂಟಿಸಿ ತೂಗುಹಾಕಿ. ಗಾಜು ಕಾಗದಕ್ಕೆ ತಾಗದಂತೆ ಅಂಚಿನಲ್ಲಿ ಮೌಂಟ್ ಬಿಡಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ ಅಂತ ಗ್ರಾಹಕರಿಗೆ ಹೇಳಿ ಕಳಿಸಿ.