ದಿನವೂ ಚೋರಡಿಯ ಬಳಿಯೇ ಎದುರಾಗುವ ಬಸ್ಸು: ಕಾಕತಾಳೀಯವನ್ನು ಪರೀಕ್ಷಿಸುವ ಕ್ರಮ

ಶಿವಮೊಗ್ಗದಿಂದ ಸಾಗರಕ್ಕೆ ಬೆಳಗಿನ ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ, ಸಾಗರದ ಕಡೆಯಿಂದ ಬರುವ ಅದೇ ಒಂದು ಬಸ್ಸು ಚೋರಡಿಯ ಕುಮುದ್ವತಿ ಸೇತುವೆಯ ಆಸುಪಾಸಿನಲ್ಲೇ ಎದುರಾಗುವ ಅನುಭವ ಆಗಿರಬಹುದು. ಮಳೆಗಾಲದಲ್ಲಿ ಬಸ್ಸು ಎಷ್ಟೇ ನಿಧಾನವಾದರೂ ಜಾಗ ಮಾತ್ರ ಬದಲಾಗದಿದ್ದರೆ ಅದು ಇನ್ನೂ ಸೋಜಿಗ. ಇಂಥದ್ದನ್ನು ‘ಏನೋ ಕಾಕತಾಳೀಯ’ ಎಂದು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ. ಒಂದು ನೋಟ್‌ಬುಕ್ಕು, ಒಂದು ಕೈಗಡಿಯಾರ ಇದ್ದರೆ ಸಾಕು, ಕಾರಣವನ್ನು ಕುಳಿತ ಸೀಟಿನಿಂದಲೇ ಹುಡುಕಬಹುದು.

ಯಾವುದನ್ನು ‘ಎದುರಾಯಿತು’ ಎಂದು ಎಣಿಸುತ್ತೀರಿ ಎಂಬುದನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಿ. ಸೇತುವೆಯ ಎರಡೂ ಕಡೆ ಒಂದೊಂದು ಕಿಲೋಮೀಟರ್ ಎಂದು ಗಡಿ ಹಾಕಿಕೊಂಡರೆ, ಕುಂಸಿಯಲ್ಲೇ ಕಂಡ ಬಸ್ಸನ್ನು ಆಮೇಲೆ ಲೆಕ್ಕಕ್ಕೆ ಸೇರಿಸುವ ಆಸೆ ಹುಟ್ಟುವುದಿಲ್ಲ. ಎದುರಾಗದ ದಿನಗಳನ್ನೂ ತಪ್ಪದೆ ಬರೆಯಬೇಕು, ಏಕೆಂದರೆ ಮನಸ್ಸು ಹೊಂದಿಬಂದದ್ದನ್ನೇ ಹೆಚ್ಚಾಗಿ ನೆನಪಿಟ್ಟುಕೊಳ್ಳುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು: ಆಷಾಢದ ಜಡಿಮಳೆಗೆ ಶಟರ್ ಎಳೆದುಕೊಂಡು ಕುಳಿತ ದಿನ ಬಸ್ಸು ‘ಕಾಣಲಿಲ್ಲ’ ಎಂದು ಬರೆಯಬೇಕೇ ಹೊರತು ‘ಎದುರಾಗಲಿಲ್ಲ’ ಎಂದಲ್ಲ.

ಬಳಿಕ ಎರಡೂ ಬಸ್ಸುಗಳು ಹೊರಡುವ ಹೊತ್ತನ್ನು ಕಂಡಕ್ಟರ್ ಬಳಿ ಕೇಳಿಕೊಳ್ಳಿ. ಶಿವಮೊಗ್ಗಕ್ಕೂ ಸಾಗರಕ್ಕೂ ಸುಮಾರು 70 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಎರಡೂ ಒಂದೇ ಹೊತ್ತಿಗೆ ಹೊರಟು, ನಿಲುಗಡೆಗಳೂ ಸೇರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಓಡಿದರೆ, ಸುಮಾರು 53 ನಿಮಿಷಕ್ಕೆ 35ನೇ ಕಿಲೋಮೀಟರಿನಲ್ಲಿ ಸೇರುತ್ತವೆ. ಮಳೆಯಿಂದ ಎರಡರ ವೇಗವೂ 30ಕ್ಕೆ ಇಳಿದರೆ 70 ನಿಮಿಷ ಬೇಕಾಗುತ್ತದೆ, ಆದರೆ ಸೇರುವ ಜಾಗ ಅದೇ 35ನೇ ಕಿಲೋಮೀಟರ್. ಜಾಗ ಬದಲಾಗದಿರುವುದರ ಗುಟ್ಟು ಇಷ್ಟೇ: ಮಳೆ ಎರಡೂ ಬಸ್ಸುಗಳನ್ನು ಸಮನಾಗಿ ತಡೆಯುತ್ತದೆ. ಒಂದು ಬಸ್ಸು ಮಾತ್ರ ತಡವಾಗಿ ಹೊರಟ ದಿನ ಹೀಗಾಗದು. 40ರ ವೇಗದಲ್ಲಿ 10 ನಿಮಿಷದ ತಡಕ್ಕೆ, ಸೇರುವ ಜಾಗ ತಡವಾದ ಬಸ್ಸು ಹೊರಟ ಊರಿನ ಕಡೆಗೆ ಸುಮಾರು 3.3 ಕಿಲೋಮೀಟರ್ ಸರಿಯುತ್ತದೆ. ಇದನ್ನು ಪರೀಕ್ಷಿಸಲು ನಿಮ್ಮ ಬಸ್ಸು ತಡವಾದ ದಿನಕ್ಕೆ ಕಾಯಿರಿ, ಎಲ್ಲಿ ಎದುರಾಗಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆಯಿರಿ, ಆಮೇಲೆ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಾ ಹೋಗಿ.

ವೇಳಾಪಟ್ಟಿಯ ಸಂಬಂಧವೇ ಇಲ್ಲದ ಕಾಕತಾಳೀಯಗಳಿಗೆ ಬೇರೆ ಲೆಕ್ಕ ಬೇಕು. ಕೆಎ 14, ಕೆಎ 15 ಎಂದು ಎದುರಿಗೆ ಬರುವ ವಾಹನಗಳ ಕೊನೆಯ ಎರಡು ಅಂಕಿಗಳನ್ನು ಬರೆಯುತ್ತಾ ಹೋಗಿ. 00ರಿಂದ 99ರವರೆಗೆ 100 ಸಾಧ್ಯತೆಗಳಿದ್ದು ಎಲ್ಲವೂ ಸಮನೆಂದು ಹಿಡಿದರೆ, 13 ವಾಹನಗಳಾಗುವಷ್ಟರಲ್ಲೇ ಯಾವುದಾದರೂ ಎರಡರ ಅಂಕಿಗಳು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು, 20ಕ್ಕೆ ಸುಮಾರು ಶೇ 87. ನೀವು ಮೊದಲೇ ಆರಿಸಿಟ್ಟ ಒಂದೇ ಸಂಖ್ಯೆ, 47 ಎಂದುಕೊಳ್ಳಿ, ಆ 20 ವಾಹನಗಳಲ್ಲಿ ಸಿಗುವ ಸಾಧ್ಯತೆಯಾದರೋ ಸುಮಾರು ಶೇ 18 ಮಾತ್ರ. ಸತತ ಮೂರು ದಿನ ಸಿಗುವುದು ಶೇ 1ಕ್ಕಿಂತಲೂ ಕಡಿಮೆ. ಹಾಗೆ ಸಿಕ್ಕಿದರೆ ಪೂರ್ತಿ ನೋಂದಣಿ ಸಂಖ್ಯೆಯನ್ನು ಬರೆದುಕೊಳ್ಳಿ, ಅದು ನಿಮ್ಮಂತೆಯೇ ಹೊತ್ತಿಗೆ ಸರಿಯಾಗಿ ಹೊರಡುವ ಹಾಲಿನ ಗಾಡಿಯೋ ಶಾಲೆಯ ವ್ಯಾನೋ ಆಗಿರಬಹುದು.